ಸಂಜೆಯೊಳಗೆ ವಿಲೇವಾರಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾನು ಹುಟ್ಟಿಯೇ ಇಲ್ಲ ಎಂದುಕೊಳ್ಳಿ. ಸರ್ಕಾರ ಈಗಾಗಲೇ ಹಾಗೆಂದುಕೊಂಡಿದೆ. ನನ್ನ ಜನನ ಪತ್ರದಲ್ಲಿ ಬರೆದಿರುವ ಇಸವಿ ಇನ್ನೂ ಬಂದಿಲ್ಲ. ಅದನ್ನು ತಿದ್ದಿಸಲೆಂದೇ ನಾನು ಕಚೇರಿಗಳ ಬೆಂಚಿನ ಮೇಲೆ ಕೂರುವುದನ್ನು ಕಲಿತದ್ದು. ತಲೆ ನರೆತಿದೆ, ಆದರೆ ದಾಖಲೆಯ ಪ್ರಕಾರ ನನಗೆ ಬೇಕಾದಷ್ಟು ಸಮಯವಿದೆ. ನಿಮ್ಮ ಸರದಿಯೂ ಸದ್ಯಕ್ಕೆ ಬರುವಂತೆ ಕಾಣುವುದಿಲ್ಲ. ಆ ಅರ್ಜಿಯನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಒರಗಿ ಕೂತು ಕೇಳಿ.

ತಿದ್ದುಪಡಿ ಶಾಖೆ ಅಂತ ಒಂದು ಕಚೇರಿಯಿತ್ತು. ಜನನ ದಾಖಲೆಯಲ್ಲಿ ಯಾರೋ ಬರೆದ ತಪ್ಪನ್ನು ಇನ್ಯಾರೋ ಸರಿಮಾಡುವುದು ಅದರ ಕೆಲಸ. ಒಂದೇ ಕೋಣೆ. ಅದರಲ್ಲಿ ಒಬ್ಬರು ಹೆಡ್ ಗುಮಾಸ್ತರು, ಅವರ ಕೈಕೆಳಗೆ ಒಬ್ಬ ಗುಮಾಸ್ತ, ಕಿಟಕಿಯ ಪಕ್ಕ ಟೈಪಿಸ್ಟ್ ಅಕ್ಕ. ಮಿಕ್ಕ ಜಾಗವೆಲ್ಲ ಕಡತಗಳದು. ಮೂಲೆಯಲ್ಲಿ ಅವುಗಳ ರಾಶಿ, ಮದುವೆ ಮುಗಿದರೂ ಹೊರಡದ ನೆಂಟರ ಹಾಗೆ, ಒಂದರ ಮೇಲೊಂದು ಒರಗಿಕೊಂಡು, ಅರ್ಧ ಕಿಟಕಿಯ ಬೆಳಕನ್ನು ತಿಂದುಕೊಂಡು ಕೂತಿತ್ತು. ಗುಮಾಸ್ತ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಒಂದು ಹಲಗೆಯಿಟ್ಟುಕೊಂಡು ಬರೆಯುತ್ತಿದ್ದ. ಬರೆಯದೆ ಇದ್ದಾಗ ಹಲಗೆಯ ಮೇಲೆ ಕೈಯಿಟ್ಟು ಮಲಗುತ್ತಿದ್ದ.

ಹೀಗಿರುವಾಗ ಹೈಸ್ಕೂಲು ಮಕ್ಕಳಿಗೆ ಸರ್ಕಾರಿ ಕೆಲಸ ಅಂದರೇನು ಅಂತ ತಿಳಿಯಲಿ ಎಂದು ಮೇಲಿನವರು ಯಾರಿಗೋ ಹೊಳೆಯಿತು. ಶಾಲೆ ಬಿಟ್ಟ ಮೇಲೆ ಒಂದೆರಡು ಗಂಟೆ, ಸಂಬಳವಿಲ್ಲ, ಕೊನೆಗೊಂದು ಪ್ರಮಾಣಪತ್ರ. ಈ ಶಾಖೆಗೆ ಒಬ್ಬ ಹುಡುಗಿ ಬಂದಳು. ಅವಳ ಜೊತೆ ಬಂದ ಪತ್ರದಲ್ಲಿ 'ಅನುಭವಕ್ಕಾಗಿ ಕಳುಹಿಸಲಾಗಿದೆ' ಎಂದಿತ್ತು. ಹೆಡ್ ಗುಮಾಸ್ತರು ಮೊದಲ ಪದವನ್ನಷ್ಟೇ ಓದಿದರು. ಅಂದಿನಿಂದ ಅವಳ ಹೆಸರು ಅನುಭವ ಎಂದೇ ಆಯಿತು.

"ಅನುಭವ, ಫ್ಯಾನ್ ಹಾಕು."

"ಅನುಭವ, ಸೀಲಿಗೆ ಇಂಕು ಹಾಕು."

ಹೊರಗಿನಿಂದ ಯಾರಾದರೂ ಬಂದು ಏನಾದರೂ ಅವಸರದ ಕೆಲಸ ಕೇಳಿದರೆ ಹೆಡ್ ಗುಮಾಸ್ತರು ಕನ್ನಡಕ ತೆಗೆದು ಹೇಳುತ್ತಿದ್ದರು: "ನಮ್ಮಲ್ಲಿ ಅನುಭವ ಬರೋದು ಸಂಜೆ ಮೇಲೆ. ಆಮೇಲೆ ಬನ್ನಿ."

ಬೇರೆ ಮಕ್ಕಳೆಲ್ಲ ಅಂಚೆ ಕಚೇರಿ ಬೇಕು, ಗ್ರಂಥಾಲಯ ಬೇಕು ಅಂತ ಜಗಳವಾಡಿದಾಗ ಈ ಹುಡುಗಿ ತಾನಾಗಿ ಕೈಯೆತ್ತಿ ತಿದ್ದುಪಡಿ ಶಾಖೆ ಕೇಳಿಕೊಂಡಿದ್ದಳು. ಕಾರಣವಿತ್ತು. ಅವಳು ಹುಟ್ಟಿದ ದಿನ ದಾಖಲೆ ಬರೆದವನಿಗೆ ತೂಕಡಿಕೆ ಬಂದು, 'ಹೆಣ್ಣು' ಎಂದು ಬರೆಯಬೇಕಾದಲ್ಲಿ 'ಗಂಡು' ಎಂದು ಬರೆದಿದ್ದ. ಇಷ್ಟು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಈಗ ಅವಳಿಗೆ ದೂರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ, ಹಾಸ್ಟೆಲಿನ ಸಮೇತ, ಸೀಟು ಸಿಕ್ಕಿತ್ತು. ತಿದ್ದಿದ ಜನನ ಪತ್ರ ತೋರಿಸಿದರೆ ಸೀಟು ಅವಳದು. ತೋರಿಸದಿದ್ದರೆ ಚಿಕ್ಕಪ್ಪನ ಇಸ್ತ್ರಿ ಅಂಗಡಿ. ಚಿಕ್ಕಪ್ಪ ಆಗಲೇ ಅವಳ ಎತ್ತರಕ್ಕೆ ಸರಿಯಾಗಲೆಂದು ಇಸ್ತ್ರಿ ಮೇಜಿನ ಕಾಲು ಕೊಯ್ಯಿಸಿ ಇಟ್ಟಿದ್ದ.

ಅರ್ಜಿ ಕೊಟ್ಟು ಬಹಳ ಕಾಲವಾಗಿತ್ತು. ಕೇಳಿದಾಗಲೆಲ್ಲ ಗುಮಾಸ್ತ ಒಂದೇ ಮಾತು ಹೇಳುತ್ತಿದ್ದ: "ನಿಂದು ಟೇಬಲ್ ಮೇಲೇ ಇದೆ ಪುಟ್ಟಿ. ಎಲ್ಲೂ ಹೋಗಿಲ್ಲ."

ಅವಳ ಅನುಭವದ ಕೊನೆಯ ದಿನ ಬಂತು. ಕಾಲೇಜಿಗೆ ಪತ್ರ ಕೊಡಲು ಮಾರನೆಯ ದಿನ ಕಡೆಯ ದಿನ. ಶಾಲೆಗೆ ರಜೆ, ಹಾಗಾಗಿ ಬೆಳಿಗ್ಗೆಯೇ ಬಂದಿದ್ದಳು. ಮನೆಯಿಂದ ಹೊರಡುವಾಗ ಅಜ್ಜಿ ತಲೆ ಬಾಚಿ ಎರಡು ಜಡೆ ಹಾಕಿ, ತುದಿಗೆ ಕೆಂಪು ರಿಬ್ಬನ್ ಕಟ್ಟಿ ಕಳಿಸಿದ್ದಳು. "ನೋಡಿದ ಕೂಡಲೇ ಗೊತ್ತಾಗ್ಲಿ ಅವರಿಗೆ, ಹೆಣ್ಣುಮಗು ಅಂತ. ಕಣ್ಣಿಲ್ವಾ ಅವರಿಗೆ."

ಕಣ್ಣಿತ್ತು. ಆದರೆ ಅವತ್ತು ಎಲ್ಲರ ಕಣ್ಣೂ ಬಾಗಿಲ ಮೇಲಿತ್ತು. ಸಂಜೆ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಬೆಳಿಗ್ಗೆ ಫೋನು ಬಂದಿತ್ತು. ಹೆಡ್ ಗುಮಾಸ್ತರ ಮುಖ ಒದ್ದೆ ಸುದ್ದಿಪತ್ರಿಕೆಯ ಹಾಗಾಗಿತ್ತು.

"ಬಾಕಿ ಕೇಳ್ತಾರೆ. ಮೊದಲು ಬಾಕಿ ಎಷ್ಟು ಅಂತಾನೇ ಕೇಳೋದು ಆ ಮನುಷ್ಯ," ಎಂದರು. ಗುಮಾಸ್ತ ಟೀ ಕುಡಿಯಲು ಹೋಗಿದ್ದವನು ಇನ್ನೂ ಬಂದಿರಲಿಲ್ಲ. ಎದುರಿಗೆ ಸಿಕ್ಕವಳು ಹುಡುಗಿ. ಆದ್ದರಿಂದ ಅವಳತ್ತ ತಿರುಗಿ, ಮೂಲೆಯ ರಾಶಿಯನ್ನು ತೋರಿಸಿ, "ನೋಡು ಅನುಭವ, ಗುಮಾಸ್ತ ಬಂದ ಕೂಡಲೇ ಹೇಳು. ಸಂಜೆಯೊಳಗೆ ಈ ಮೂಲೇಲಿರೋದೆಲ್ಲ ವಿಲೇವಾರಿ ಆಗಿರ್ಬೇಕು. ಒಂದೂ ಉಳೀಬಾರದು. ಅವನಿಗೆ ಆಗಲ್ಲ ಅಂದ್ರೆ ನೀನಾದ್ರೂ ಕೈ ಹಾಕು," ಎಂದು ಹೇಳಿ, ಕ್ಷೌರ ಮಾಡಿಸಿಕೊಂಡು ಬರಲು ಹೋದರು. ಅವರಿಗೆ ತಪಾಸಣೆಯ ತಯಾರಿ ಎಂದರೆ ಅದೇ.

ಹುಡುಗಿ ಕಾದಳು. ಗುಮಾಸ್ತ ಬರಲಿಲ್ಲ. ಅವಳಿಗೆ ಒಂದು ಯೋಚನೆ ಬಂತು. ಈ ಕೆಲಸವನ್ನು ತಾನೇ ಮುಗಿಸಿಬಿಟ್ಟರೆ ಹೆಡ್ ಗುಮಾಸ್ತರು ಖುಷಿಯಾಗುತ್ತಾರೆ. ಖುಷಿಯಲ್ಲಿದ್ದವರು ಒಂದು ಸಹಿ ಹಾಕುವುದಿಲ್ಲವೇ?

"ಅಕ್ಕಾ, ವಿಲೇವಾರಿ ಅಂದ್ರೆ ಏನು ಮಾಡೋದು?" ಎಂದು ಟೈಪಿಸ್ಟ್ ಅಕ್ಕನನ್ನು ಕೇಳಿದಳು.

ಟೈಪಿಸ್ಟ್ ಅಕ್ಕನ ಬಾಯಲ್ಲಿ ಹೇರ್ ಪಿನ್ನಿತ್ತು. ಕೈಯಲ್ಲಿ ಕನ್ನಡಿಯಿತ್ತು. "ಕಳಿಸಿಬಿಡೋದು ಕಣೆ," ಎಂದಳು ಪಿನ್ನಿನ ಸಂದಿಯಿಂದ. "ಮತ್ತೆ ನಮ್ಮ ಕಣ್ಣಿಗೆ ಬೀಳಬಾರದು, ಅಷ್ಟೇ."

ಅದೇ ಹೊತ್ತಿಗೆ ರಸ್ತೆಯಲ್ಲಿ ಪೀಪಿ ಊದುತ್ತ ಒಂದು ಲಾರಿ ಬಂದು ನಿಂತಿತು. ಅವಳು ದಿನಾ ನೋಡುತ್ತಿದ್ದ ಲಾರಿಯೇ. ಅದರ ಮೈಮೇಲೆ ಈ ತುದಿಯಿಂದ ಆ ತುದಿಯವರೆಗೆ ಹಳದಿ ಬಣ್ಣದಲ್ಲಿ ಬರೆದಿತ್ತು: ತ್ಯಾಜ್ಯ ವಿಲೇವಾರಿ ವಾಹನ.

ಹುಡುಗಿಯ ಮನಸ್ಸಿನಲ್ಲಿದ್ದ ಕೊನೆಯ ಅನುಮಾನವೂ ಹೋಯಿತು. ಸರ್ಕಾರವೇ ಪದ ಹೇಳಿ, ಸರ್ಕಾರವೇ ಲಾರಿ ಕಳಿಸಿದೆ.

ಮೊದಲ ಗಂಟು ಹೊತ್ತುಕೊಂಡು ಅವಳು ಬಾಗಿಲಿಗೆ ಬಂದಾಗ ಹೊರಗೆ ಬೆಂಚಿನ ಮೇಲೆ ನಾವೊಂದಷ್ಟು ಜನ ಇದ್ದೆವು. "ಏನಮ್ಮ ಇದು?" ಎಂದು ಒಬ್ಬ ಮುದುಕ ಕೇಳಿದ.

"ಎಲ್ಲ ವಿಲೇವಾರಿ ಆಗ್ತಿದೆ ಅಜ್ಜ, ಇವತ್ತೇ," ಎಂದಳು.

ಆ ಮಾತು ಕೇಳಿ ನಮಗಾದ ಸಂತೋಷವನ್ನು ಹೇಗೆ ಹೇಳಲಿ? ಮುದುಕನ ಕಣ್ಣಲ್ಲಿ ನೀರು ಬಂತು. ಒಬ್ಬಾಕೆ ಮಗುವನ್ನು ಕೆಳಗಿಳಿಸಿ ಸೆರಗು ಸಿಕ್ಕಿಸಿಕೊಂಡಳು. ಬಾಗಿಲಿನಿಂದ ಲಾರಿಯವರೆಗೆ ಸಾಲಾಗಿ ನಿಂತು, ಬೆಂಕಿ ಬಿದ್ದ ಮನೆಗೆ ನೀರು ಸಾಗಿಸುವವರ ಹಾಗೆ, ಗಂಟಿನ ಮೇಲೆ ಗಂಟು ಕೈಯಿಂದ ಕೈಗೆ ದಾಟಿಸಿದೆವು. ಲಾರಿಯ ಡ್ರೈವರು ಮಾತ್ರ, "ಇದೇನು, ಮೇಲಿನವರಿಗೆ ಇಷ್ಟು ಬೇಗ ಎಚ್ಚರ ಆಯ್ತಾ," ಎಂದು ಬೀಡಿ ಹಚ್ಚಿದ. ಪೀಪಿ ಊದಿಕೊಂಡು ಲಾರಿ ಹೋಯಿತು. ನಾವು ಅದಕ್ಕೆ ಕೈಬೀಸಿದೆವು.

ಒಳಗೆ ಕಿಟಕಿಯಿಂದ ಬೆಳಕು ಬಂತು. ಟೈಪಿಸ್ಟ್ ಅಕ್ಕ ಕನ್ನಡಿಯಲ್ಲಿ ತನ್ನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿಕೊಂಡು ಕನ್ನಡಿ ಮಡಚಿಟ್ಟಳು. ರಾಶಿಯಿದ್ದ ಜಾಗದಲ್ಲಿ ಒಂದು ಮುರಿದ ಕೊಡೆ ಸಿಕ್ಕಿತು. ಯಾರೋ ನಿವೃತ್ತರಾದವರ ಊಟದ ಡಬ್ಬಿ ಸಿಕ್ಕಿತು, ಅದನ್ನು ತೆರೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಎಲ್ಲಕ್ಕಿಂತ ಕೊನೆಗೆ, ನಾಲ್ಕು ಕಾಲಿನ ಮೇಲೆ ಗಟ್ಟಿಯಾಗಿ ನಿಂತ, ಹಸಿರು ಬಟ್ಟೆ ಹೊದೆಸಿದ ಒಂದು ದೊಡ್ಡ ಟೇಬಲ್ ಹೊರಬಂತು.

ಹುಡುಗಿ ಅದನ್ನು ಒರೆಸುತ್ತಿರುವಾಗ ಗುಮಾಸ್ತ ಒಳಗೆ ಬಂದ. ಬಂದವನು ಬಾಗಿಲಲ್ಲೇ ನಿಂತ. ಹತ್ತಿರ ಹೋಗಿ, ಬಾಲ್ಯದಲ್ಲಿ ಕಳೆದುಹೋದ ತಮ್ಮನ ತಲೆ ಸವರುವಂತೆ ಟೇಬಲ್ಲಿನ ಅಂಚನ್ನು ಸವರಿದ.

"ನನ್ನ ಟೇಬಲ್," ಎಂದ ಮೆಲ್ಲಗೆ. "ನಾನು ಕೆಲಸಕ್ಕೆ ಸೇರಿದ ದಿನ ಇದನ್ನ ಕೊಟ್ಟಿದ್ರು. ಎಲ್ಲಿ ಹೋಯ್ತೋ ಅಂದ್ಕೊಂಡಿದ್ದೆ."

ಹುಡುಗಿಯ ಕೈಯಲ್ಲಿದ್ದ ಬಟ್ಟೆ ನಿಂತಿತು. ಅವಳು ಗುಮಾಸ್ತನ ಹಲಗೆಯನ್ನು ನೋಡಿದಳು. ಟೇಬಲ್ಲನ್ನು ನೋಡಿದಳು.

"ಅಣ್ಣಾ, ನನ್ನ ಅರ್ಜಿ ಟೇಬಲ್ ಮೇಲಿದೆ ಅಂದಿದ್ರಲ್ಲ. ಯಾವ ಟೇಬಲ್?"

"ಇದೇ," ಎಂದ ಗುಮಾಸ್ತ. "ನಾನ್ಯಾವತ್ತಾದ್ರೂ ಸುಳ್ಳು ಹೇಳಿದ್ದೀನಾ ಪುಟ್ಟಿ?" ಆಮೇಲೆ ಸುತ್ತ ನೋಡಿ, "ಇದರ ಮೇಲಿದ್ದಿದ್ದೆಲ್ಲ ಎಲ್ಲಿ?" ಎಂದ.

ಅಷ್ಟರಲ್ಲಿ ಹೆಡ್ ಗುಮಾಸ್ತರು ನುಣ್ಣನೆಯ ಗಲ್ಲ ಹೊತ್ತು ಬಂದರು. ವಿಷಯ ತಿಳಿದು ಗೋಡೆಗೆ ಕೈ ಚಾಚಿದರು. ಗೋಡೆ ಖಾಲಿಯಿದ್ದುದರಿಂದ ಹಿಡಿಯಲು ಏನೂ ಸಿಗದೆ ಅಲ್ಲೇ ಕೂತರು.

"ವಿಲೇವಾರಿ ಅಂದ್ರೆ ಎಸೆಯೋದಲ್ಲ ಕಣೆ," ಎಂದರು. ಅವರ ಧ್ವನಿ ಬಾವಿಯ ತಳದಿಂದ ಬಂದ ಹಾಗಿತ್ತು. "ಒಂದೊಂದು ಅರ್ಜಿನೂ ಓದಿ, ಸರಿ ಇದೆಯೋ ಇಲ್ವೋ ನೋಡಿ, ತೀರ್ಮಾನ ಮಾಡಿ, ಅವರವರಿಗೆ ಕಳಿಸೋದು. ಅದಕ್ಕೆ ವಿಲೇವಾರಿ ಅಂತಾರೆ ಆಫೀಸಲ್ಲಿ."

"ನನಗೆ ಗೊತ್ತಾಗಲಿಲ್ಲ ಸರ್," ಎಂದಳು ಹುಡುಗಿ. ಅವಳು ಎದುರು ಮಾತಾಡಲಿಲ್ಲ, ನಿಜವಾಗಿಯೇ ಹೇಳಿದಳು. "ಬಂದಾಗಿನಿಂದ ಇಲ್ಲಿ ಅದನ್ನ ಯಾರೂ ಮಾಡಿದ್ದು ನೋಡಿರಲಿಲ್ಲ."

ಟೈಪಿಸ್ಟ್ ಅಕ್ಕ ಕೆಮ್ಮಿದಳು.

ಗುಮಾಸ್ತ ಸೈಕಲ್ ತೆಗೆದ. ಹಿಂದೆ ಹುಡುಗಿ ಕೂತಳು. ಊರಾಚೆ ಕಸ ಸುರಿಯುವ ಜಾಗದವರೆಗೆ ಅವನು ತುಳಿದ ರೀತಿ ನೋಡಿದರೆ, ಇಷ್ಟು ಕಾಲ ಕಚೇರಿಯಲ್ಲಿ ಉಳಿಸಿಟ್ಟುಕೊಂಡಿದ್ದ ಶಕ್ತಿಯೆಲ್ಲ ಯಾತಕ್ಕೆಂದು ಗೊತ್ತಾಗುತ್ತಿತ್ತು. ದಾರಿಯಲ್ಲಿ ಅವಳ ಒಂದು ರಿಬ್ಬನ್ ಹಾರಿಹೋಯಿತು. ಅವಳು ನಿಲ್ಲಿಸಿ ಅನ್ನಲಿಲ್ಲ.

ಅಲ್ಲಿ ಲಾರಿ ಆಗಲೇ ಖಾಲಿಯಾಗಿತ್ತು. ಡ್ರೈವರು ನೆರಳಲ್ಲಿ ಕಾಲು ಚಾಚಿಕೊಂಡಿದ್ದ. ಅವನ ಹಿಂದೆ ಕಾಗದ ಅರೆಯುವ ಒಂದು ಯಂತ್ರ ಸದ್ದು ಮಾಡುತ್ತಿತ್ತು. ನಾನು ಎಷ್ಟೋ ಸರ್ಕಾರಿ ಯಂತ್ರಗಳನ್ನು ನೋಡಿದ್ದೇನೆ. ಒಂದು ದಿನವೂ ಕೆಡದೆ ನಡೆದದ್ದು ಅದೊಂದೇ.

"ಅಣ್ಣಾ, ಬೆಳಿಗ್ಗೆ ತಂದ ಕಾಗದ," ಎಂದಳು ಹುಡುಗಿ ಏದುಸಿರು ಬಿಡುತ್ತ.

ಡ್ರೈವರು ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದ. ತೊಟ್ಟಿಯಲ್ಲಿ ಬೂದು ಬಣ್ಣದ ಹಿಟ್ಟಿನಂಥದ್ದು ಮುದ್ದೆಮುದ್ದೆಯಾಗಿ ಬೀಳುತ್ತಿತ್ತು. ಒಂದು ಬದಿಯಲ್ಲಿ ಇನ್ನೂ ಅರೆಯದ ಕೆಲವು ಗಂಟುಗಳಿದ್ದವು.

"ಅದನ್ನಾದ್ರೂ ವಾಪಸ್ ಕೊಡಪ್ಪ," ಎಂದ ಗುಮಾಸ್ತ.

"ಹಾಗೆಲ್ಲ ಕೊಡೋಕಾಗಲ್ಲ ಸ್ವಾಮಿ. ಇಲ್ಲಿಗೆ ಬಂದದ್ದು ಬಂದ ಹಾಗೆ ಲೆಕ್ಕ. ಬೇಕೂಂದ್ರೆ ನಮ್ಮ ಆಫೀಸಿಗೆ ಅರ್ಜಿ ಕೊಡಿ."

"ಕೊಟ್ರೆ ಯಾವಾಗ ಆಗತ್ತೆ?"

"ನಾಳೆ ಬನ್ನಿ."

ಗುಮಾಸ್ತ ಜೀವನವಿಡೀ ಆ ಮಾತನ್ನು ಹೇಳಿದವನು, ಯಾವತ್ತೂ ಅದನ್ನು ಕೇಳಿಸಿಕೊಂಡಿರಲಿಲ್ಲ. ಅವರಿಬ್ಬರೂ ನೋಡುತ್ತಿದ್ದಂತೆಯೇ ಉಳಿದ ಗಂಟುಗಳೂ ಒಳಗೆ ಹೋದವು. ಹುಡುಗಿ ಬಗ್ಗಿ ತೊಟ್ಟಿಯಿಂದ ಒಂದು ಹಿಡಿ ಹಿಟ್ಟು ತೆಗೆದು, ಅಂಗೈಯಲ್ಲಿ ಹರಡಿ, ಅದರಲ್ಲಿ ಏನಾದರೂ ಓದಲು ಬರುತ್ತದೆಯೇ ಎಂದು ನೋಡಿದಳು. ಬರಲಿಲ್ಲ. ಕೈ ಕೊಡವಿಕೊಂಡಳು. ವಾಪಸ್ಸು ಬರುವಾಗ ಗುಮಾಸ್ತ ಸೈಕಲ್ ತುಳಿಯಲಿಲ್ಲ, ತಳ್ಳಿಕೊಂಡು ಬಂದ.

ಕಚೇರಿ ಮುಟ್ಟಿದಾಗ ದೊಡ್ಡ ಸಾಹೇಬರ ಕಾರು ಬಾಗಿಲಲ್ಲಿತ್ತು.

ಸಾಹೇಬರು ಕೋಣೆಯ ನಡುವೆ ನಿಂತು ಮೂಲೆಯನ್ನೇ ನೋಡುತ್ತಿದ್ದರು. ಹೆಡ್ ಗುಮಾಸ್ತರು ಅವರ ಹಿಂದೆ, ಶಿಕ್ಷೆಗೆ ನಿಂತ ಹುಡುಗನ ಹಾಗೆ, ಕೈಕಟ್ಟಿ ನಿಂತಿದ್ದರು.

"ಬಾಕಿ ಎಷ್ಟು?" ಎಂದರು ಸಾಹೇಬರು.

ಹೆಡ್ ಗುಮಾಸ್ತರು ಸುಳ್ಳು ಹೇಳುವ ಮನುಷ್ಯರಲ್ಲ. "ಏನೂ ಇಲ್ಲ ಸರ್. ಎಲ್ಲ ವಿಲೇವಾರಿ ಆಗಿದೆ."

ಸಾಹೇಬರು ಟೇಬಲ್ಲಿನ ಹಸಿರು ಬಟ್ಟೆಯ ಮೇಲೆ ಬೆರಳಾಡಿಸಿದರು. "ನನ್ನ ಸರ್ವೀಸಿನಲ್ಲಿ ಸರ್ಕಾರಿ ಟೇಬಲ್ ಯಾವ ಬಣ್ಣ ಅಂತ ನೋಡಿದ್ದು ಇವತ್ತೇ," ಎಂದರು. "ಯಾರು ಮಾಡಿದ್ದು ಇದನ್ನ?"

ಹೊಗಳಿಕೆಯಾದರೆ ಆಮೇಲೆ ಹಂಚಿಕೊಳ್ಳಬಹುದು, ಬೈಗುಳವಾದರೆ ಈಗಲೇ ದಾಟಿಸಿಬಿಡಬೇಕು ಎಂದು ಯೋಚಿಸಿ, ಹೆಡ್ ಗುಮಾಸ್ತರು ಹುಡುಗಿಯನ್ನು ಮುಂದೆ ತಳ್ಳಿದರು. "ಅನುಭವ, ಸರ್."

"ಅನುಭವದಿಂದಲೇ ಆಗೋದು, ಗೊತ್ತು. ಯಾರು ಅಂತ ಕೇಳಿದೆ."

"ಇವಳೇ ಸರ್. ಹೈಸ್ಕೂಲಿಂದ ಬಂದಿರೋ ಮಗು."

ಸಾಹೇಬರು ಅಲ್ಲೇ ಕೂತು ವರದಿ ಬರೆದರು: ಬಾಕಿ ಶೂನ್ಯ. ಹುಡುಗಿಗೆ ಬರೀ ಪ್ರಮಾಣಪತ್ರ ಸಾಲದು, ಪ್ರಶಂಸಾಪತ್ರವನ್ನೇ ಕೊಡಬೇಕೆಂದರು. ಟೈಪಿಸ್ಟ್ ಅಕ್ಕ ಶಾಲೆಯಿಂದ ಬಂದ ವಿವರಗಳನ್ನು ಮುಂದಿಟ್ಟುಕೊಂಡು ಟಕಟಕ ಹೊಡೆದಳು. ಸಾಹೇಬರು ಸಹಿ ಹಾಕಿದರು. ಹುಡುಗಿಯೇ ಇಂಕು ಹಾಕಿಟ್ಟ ಸೀಲನ್ನು ಒತ್ತಿದರು. ಅಚ್ಚು ಚೆನ್ನಾಗಿ ಮೂಡಿತು.

ಹುಡುಗಿ ಓದಿದಳು. 'ಕುಮಾರ' ಎಂದು ಶುರುವಾಗಿತ್ತು. 'ಈತನು ಶ್ರದ್ಧಾವಂತನೂ ಚುರುಕಾದವನೂ ಆದ ಯುವಕನಾಗಿದ್ದು' ಎಂದು ಮುಂದುವರಿದಿತ್ತು.

"ಸರ್," ಎಂದಳು. "ನಾನು ಹುಡುಗಿ."

ಸಾಹೇಬರು ಪತ್ರವನ್ನು ನೋಡಿದರು. ಅವಳ ಜಡೆ ನೋಡಿದರು. ಮತ್ತೆ ಪತ್ರವನ್ನು ನೋಡಿದರು. ಪತ್ರದಲ್ಲಿ ಅವರದೇ ಸಹಿಯಿತ್ತು, ಜಡೆಯಲ್ಲಿ ಒಂದು ರಿಬ್ಬನ್ ಕಡಿಮೆಯಿತ್ತು. "ದಾಖಲೆ ಹೀಗೇ ಇದೆಯಲ್ಲ," ಎಂದರು.

"ಅದೇ ತಪ್ಪು ಸರ್. ಅದನ್ನ ತಿದ್ದಿಸೋಕೇ ನಾನು ಇಲ್ಲಿಗೆ ಬಂದಿದ್ದು. ನಾಳೆ ಕಾಲೇಜಿಗೆ ಕೊಡಬೇಕು."

ಇಲ್ಲಿ ಗುಮಾಸ್ತನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಮುಂದೆ ಬಂದ. "ಈಗಲೇ ಹೊಸ ಅರ್ಜಿ ಬರೀಲಿ ಸರ್. ಟೇಬಲ್ ಖಾಲಿ ಇದೆ. ಇರೋದು ಅದೊಂದೇ ಆಗತ್ತೆ. ಇವತ್ತೇ ನಾನು ಮಾಡಿಕೊಡ್ತೀನಿ," ಎಂದ. ಅವನ ಬಾಯಿಂದ 'ಇವತ್ತೇ' ಎಂಬ ಪದ ಹೊರಟದ್ದು ಅದೇ ಮೊದಲು. ಟೈಪಿಸ್ಟ್ ಅಕ್ಕ ಬೆರಗಾಗಿ ತಿರುಗಿ ನೋಡಿದಳು.

ಹುಡುಗಿ ನಿಂತಲ್ಲೇ ಅರ್ಜಿ ಬರೆದಳು. ಎರಡೂ ಕೈಯಲ್ಲಿ ಹಿಡಿದು, ಹಸಿರು ಬಟ್ಟೆಯ ನಟ್ಟನಡುವೆ ಇಟ್ಟಳು. ಅಷ್ಟು ದೊಡ್ಡ ಟೇಬಲ್ಲಿನ ಮೇಲೆ ಅಷ್ಟು ಬಿಳಿ ಕಾಗದ ಒಂಟಿಯಾಗಿ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಗೊತ್ತೇ? ಕಿಟಕಿಗೆ ಮುಖವಿಟ್ಟು ನೋಡುತ್ತಿದ್ದ ನಮಗೆಲ್ಲ ಉಸಿರು ಹಿಡಿದಂತಾಗಿತ್ತು.

ಸಾಹೇಬರು ಕನ್ನಡಕವನ್ನು ಮೇಲಕ್ಕೆ ಸರಿಸಿದರು.

"ಇದನ್ನ ತಗೊಂಡ್ರೆ ಬಾಕಿ ಒಂದಾಗತ್ತಲ್ರೀ," ಎಂದರು. "ನಾನು ಶೂನ್ಯ ಅಂತ ಬರೆದಾಗಿದೆ."

"ಮಾಡಿ ಮುಗಿಸಿಬಿಡ್ತೀನಿ ಸರ್, ಒಂದು ಗಳಿಗೆ."

"ಆ ಒಂದು ಗಳಿಗೆ ಬಾಕಿ ಇರತ್ತಲ್ಲ? ಆ ಗಳಿಗೇಲಿ ನನ್ನ ವರದಿ ಸುಳ್ಳಾಗಲ್ವಾ?" ಸಾಹೇಬರು ಅರ್ಜಿಯನ್ನು ಎತ್ತಿ ಮೃದುವಾಗಿ ಅವಳ ಕೈಗಿಟ್ಟರು. ತಲೆ ಸವರಿದರು. "ನಾಳೆ ಬೆಳಿಗ್ಗೆ ಕೊಡು ತಾಯಿ. ಹೆಣ್ಣುಮಗು ನೀನು, ಈಗ ಹೊತ್ತಾಯ್ತು, ಮನೆಗೆ ಹೋಗು."

ಮಾರನೆಯ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಹುಡುಗಿ ಅಜ್ಜಿಯನ್ನೂ ಕರೆದುಕೊಂಡು ಬಂದಿದ್ದಳು. ಬಾಗಿಲು ತೆರೆಯಲಿಲ್ಲ. ಅದಕ್ಕೊಂದು ಕಾಗದ ಅಂಟಿಸಿದ್ದರು. ಬಾಕಿ ಕೆಲಸ ಏನೂ ಇಲ್ಲದಿರುವುದರಿಂದ ಈ ಶಾಖೆಯನ್ನು ಮುಚ್ಚಲಾಗಿದೆ. ಕುರ್ಚಿ ಟೇಬಲ್ ಮತ್ತು ಸಿಬ್ಬಂದಿಯನ್ನು ಕೆಲಸವಿರುವ ಕಚೇರಿಗೆ ಕಳಿಸಲಾಗಿದೆ. ಯಾವ ಕಚೇರಿ ಎಂದು ಬರೆದಿರಲಿಲ್ಲ.

ಅಜ್ಜಿಗೆ ಓದಲು ಬರುವುದಿಲ್ಲ. "ಏನಂತೆ?" ಎಂದಳು.

"ಎಲ್ಲರೂ ಹೋದ್ರಂತೆ ಅಜ್ಜಿ."

"ಒಳ್ಳೆದಾಯ್ತು ಬಿಡು," ಎಂದಳು ಅಜ್ಜಿ. ಆಮೇಲೆ ಮೊಮ್ಮಗಳ ಮುಖ ನೋಡಿ, ಒಳ್ಳೆಯದಾಗಿಲ್ಲ ಎಂದು ತಿಳಿದುಕೊಂಡಳು.

ಹುಡುಗಿ ಇದ್ದ ಕಾಗದಗಳನ್ನೇ ಹಿಡಿದು ಕಾಲೇಜಿಗೆ ಹೋದಳು. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನವರು ಜನನ ಪತ್ರವನ್ನೂ ಪ್ರಶಂಸಾಪತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದಿದ್ದರೆ ತಪ್ಪು ಬಿದ್ದಿರಬಹುದು ಅನ್ನಬಹುದಿತ್ತು, ಸರ್ಕಾರ ಎರಡೆರಡು ಸಲ ತಪ್ಪು ಮಾಡುತ್ತದೆಯೇ ಎಂದರು. ಗಂಡುಮಕ್ಕಳ ಹಾಸ್ಟೆಲಿನವರು ಕಾಗದ ನೋಡಲೇ ಇಲ್ಲ, ಅವಳನ್ನು ನೋಡಿ ಗೇಟು ಹಾಕಿಕೊಂಡರು.

ಈಗ ಆ ಪ್ರಶಂಸಾಪತ್ರ ಇಸ್ತ್ರಿ ಅಂಗಡಿಯ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗಿದೆ. ಬೇಕಾದರೆ ಹೋಗಿ ನೋಡಿ. ಮೊದಲ ದಿನ ಚಿಕ್ಕಪ್ಪ ಬಟ್ಟೆಯ ಗಂಟುಗಳನ್ನು ಅವಳ ಮುಂದೆ ಒಟ್ಟಿ, "ನೋಡಮ್ಮ, ಸಂಜೆಯೊಳಗೆ ಇವೆಲ್ಲ ವಿಲೇವಾರಿ ಆಗ್ಬೇಕು," ಎಂದನಂತೆ.

ಹುಡುಗಿ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕೇಳಿದಳಂತೆ: "ಯಾವ ಅರ್ಥದಲ್ಲಿ ಚಿಕ್ಕಪ್ಪ?"

ಅನುಭವ ಅಂದರೆ ಅದು. ಇನ್ನು ನನ್ನ ಮಾತು ಹೇಳುವುದಾದರೆ, ನನ್ನ ಅರ್ಜಿಯಿದ್ದ ಗಂಟನ್ನು ಲಾರಿಗೆ ದಾಟಿಸಿದವನು ನಾನೇ ಇರಬೇಕು, ಪರಿಚಯದ ಭಾರ ಅನ್ನಿಸಿತ್ತು. ಹೊಸದು ಬರೆದುಕೊಂಡು, ಆ ಶಾಖೆ ಎಲ್ಲಿಗೆ ಹೋಯಿತೆಂದು ಕಚೇರಿ ಕಚೇರಿ ಹುಡುಕಿ, ಕಡೆಗೆ ಇಲ್ಲಿ ಪತ್ತೆ ಮಾಡಿದೆ. ಹಲಗೆ ತೊಡೆಯ ಮೇಲಿಟ್ಟುಕೊಂಡು ಒಳಗೆ ತೂಕಡಿಸುತ್ತಿದ್ದಾನಲ್ಲ, ಅವನೇ ಗುಮಾಸ್ತ. ಅವನ ಪಕ್ಕದ ಮೂಲೆಯಲ್ಲಿ ಆ ಹೊಸ ರಾಶಿ ಕಾಣುತ್ತಿದೆಯಲ್ಲ, ಅದರ ಕೆಳಗೆ ಒಂಚೂರು ಹಸಿರು ಬಟ್ಟೆ ಇಣುಕುತ್ತಿದೆ, ಸರಿಯಾಗಿ ನೋಡಿ... ಅರೆ, ಎದ್ದಿರಾ? ಕರೆದರೇ ನಿಮ್ಮನ್ನು? ಹೋಗಿ, ಕೊಡಿ, ಆದರೆ ಅವನು ಟೇಬಲ್ ಮೇಲಿಡಿ ಅಂದರೆ ಮಾತ್ರ, ಕೇಳಿಸಿತೇ ಸ್ವಾಮಿ, ಯಾವ ಕಾರಣಕ್ಕೂ ಆ ಟೇಬಲ್ಲಿನ ಮೇಲೆ...